ಬಾಗಿಲಡಿಯ ಟವೆಲು

ಇಟಲಿಯ ಹಳ್ಳಿಯೊಂದರ ಹಳೇ ಕಲ್ಲುಮನೆಯಲ್ಲಿ ಒಂದು ವಾರ ಇರಬೇಕೆಂಬುದು ನನ್ನ ಹುಚ್ಚು, ಹೆಂಡತಿಯದಲ್ಲ. ಮನೆ ಹುಡುಕಿದವನು ನಾನು. ಫೋಟೋ ನೋಡಿ ನೋಡಿ ಮೊಳ ದಪ್ಪದ ಗೋಡೆ, ಕರಿ ಹಿಡಿದ ತೊಲೆ, ಉದ್ದ ಚಿಲಕದ ಮರದ ಬಾಗಿಲು, ಸೌದೆ ಒಲೆ ಎಲ್ಲವನ್ನೂ ಬಾಯಿಪಾಠ ಮಾಡಿದವನು ನಾನು. ಹೊರಡುವ ಹಿಂದಿನ ದಿನ ದೋಹಾದ ಮುಶೈರಿಬ್‌ನ ಆಫೀಸಿನಲ್ಲಿ ಮ್ಯಾನೇಜರ್ ನನ್ನ ರಜೆಯನ್ನು ಖಲಾಸ್ ಮಾಡಿದ. ಟಿಕೆಟ್ ಹಾಳಾಗುವುದು ಬೇಡವೆಂದು ಹೆಂಡತಿಯನ್ನೂ ನಾಲ್ಕನೇ ಕ್ಲಾಸಿನ ಮಗಳನ್ನೂ ಕಳಿಸಿ, ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಹೊಟ್ಟೆ ಉರಿಸಿಕೊಂಡು ಕೂತೆ.

ಶುಕ್ರವಾರ ಮಧ್ಯಾಹ್ನ ಗಂಜಿ ಉಂಡು ವೀಡಿಯೊ ಕಾಲ್ ಮಾಡಿದೆ.

"ಇಲ್ಲಿ ಎಂಥ ಚಳಿ ಗೊತ್ತುಂಟಾ? ಗೋಡೆ ಮುಟ್ಟಿದ್ರೆ ಐಸ್. ಆದ್ರೆ ನಾನು ಬಿಡ್ತೇನಾ?" ಎಂದು ಹೆಂಡತಿ ಫೋನ್ ತಿರುಗಿಸಿ ತೋರಿಸಿದಳು. ಕಿಟಕಿಯ ಸಂದಿಗಳಿಗೆಲ್ಲ ಟೇಪು. ಬಾಗಿಲಡಿಗೆ ಒದ್ದೆ ಟವೆಲು ಸುತ್ತಿ ಒತ್ತಿದ್ದಳು. ದೋಹಾದಲ್ಲಿ ಧೂಳುಗಾಳಿ ಎದ್ದರೆ ನಮ್ಮ ಬಿಲ್ಡಿಂಗಿನವರೆಲ್ಲ ಮೊದಲು ಮಾಡುವ ಕೆಲಸವೇ ಅದು. ಅದರಲ್ಲಿ ಇವಳದು ಎತ್ತಿದ ಕೈ.

"ಹೊಗೆಗೂಡಿನಿಂದಲೂ ಗಾಳಿ ಇಳೀತಿತ್ತು. ಅದರ ತಗಡನ್ನೂ ಎಳೆದು ಮುಚ್ಚಿದೆ. ಒಲೆಯಲ್ಲಿ ಬರೀ ಕೆಂಡ ಉಂಟಲ್ಲ, ಹೊಗೆ ಇಲ್ಲ."

ಭೇಷ್ ಅಂದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಆಮೇಲೆ ಬೆಂಚಿನ ಮೇಲೆ ಮುದುಡಿ ಮಲಗಿದ್ದ ಮಗಳು ಕಂಡಳು.

"ಅವಳಿಗೆ ತಲೆನೋವು. ನಂಗೂ ಸ್ವಲ್ಪ. ಬಸ್ಸು ಸುತ್ತಿ ಸುತ್ತಿ ಬಂತಲ್ಲ."

"ಬಸ್ಸಲ್ಲಿ ಬಂದದ್ದು ನಿನ್ನೆ ಅಲ್ವಾ?"

ಅವಳು ಆಕಳಿಸಿದಳು. ನನಗೆ ಥಟ್ಟನೆ ಡೇರೆಯ ರಾತ್ರಿ ನೆನಪಾಯಿತು. ಹೋದ ಚಳಿಗಾಲ ಮರುಭೂಮಿಯಲ್ಲಿ ಡೇರೆ ಹಾಕಿದ್ದೆವು. ಅಲ್ ಥುಮಾಮಾದ ಗೆಳೆಯನೊಬ್ಬ ಬೆಚ್ಚಗಿರಲೆಂದು ಇದ್ದಿಲಿನ ಕೆಂಡ ಒಳಗಿಟ್ಟು ಡೇರೆಯ ಬಾಯಿ ಮುಚ್ಚಿ ಮಲಗಿದ. ಹೊಗೆಯಿಲ್ಲ, ವಾಸನೆಯಿಲ್ಲ. ಸ್ವಲ್ಪ ತಲೆನೋವು ಅಂದಿದ್ದನಷ್ಟೇ. ಎಷ್ಟು ಕರೆದರೂ ಏಳದಿದ್ದಾಗ ನಾವು ಕಾಲು ಹಿಡಿದು ಹೊರಗೆಳೆದೆವು. ಬದುಕಿದ, ಆದರೆ ಇವತ್ತಿಗೂ ಮಾತಿನ ನಡುವೆ ಪದ ಮರೆಯುತ್ತಾನೆ.

"ಬಾಗಿಲು ತೆಗೆ," ಅಂದೆ.

"ಅಲ್ಲಿ ಕೂತು ನಂಗೆ ಹುಕುಂ ಮಾಡ್ಬೇಡಿ ಮಾರಾಯ್ರೆ. ಮಗುವಿಗೆ ಶೀತ ಆಗ್ತದೆ."

"ಕೆಂಡದ ಗ್ಯಾಸ್ ಮಾರಾಯ್ತಿ ಅದು. ಸತ್ತು ಹೋಗ್ತೀರಿ. ಮೊದ್ಲು ತೆಗೆ."

ಗೊಣಗುತ್ತಾ ಎದ್ದಳು. ಫೋನ್ ಕೈಜಾರಿತು. ಮತ್ತೆ ತೆರೆಯಲ್ಲಿ ಕಂಡದ್ದು ಆ ಕರೀ ತೊಲೆ ಮಾತ್ರ. ನಾನು ಅಷ್ಟು ಮೋಹಿಸಿದ್ದ ತೊಲೆ! ಎಷ್ಟು ಕೂಗಿದರೂ ಹೆಂಡತಿಯ ದನಿಯಿಲ್ಲ. ಮಗಳನ್ನು ಕೂಗಿದೆ.

"ಅಪ್ಪಾ, ನಿದ್ದೆ ಬರ್ತದೆ."

"ಮಲಗಬೇಡ. ಅಮ್ಮ ಎಲ್ಲಿ?"

"ಫ್ಲೋರಲ್ಲಿ ಕೂತಿದ್ದಾಳೆ. ಕಣ್ಣು ಮುಚ್ಚಿದ್ದಾಳೆ."

"ಬಾಗಿಲ ಹತ್ರ ಹೋಗು ಮಗಾ. ಟವೆಲು ಎಳಿ. ಚಿಲಕ ಮೇಲೆತ್ತಿ ಬಲಕ್ಕೆ ತಳ್ಳು."

ಕಬ್ಬಿಣ ಕಿರುಗುಟ್ಟಿತು, ನಿಂತಿತು. "ಆಗ್ತಾ ಇಲ್ಲಪ್ಪಾ." ನಾನು ಯಾವಾಗ ಎದ್ದೆನೋ, ನಮ್ಮ ಫ್ಲ್ಯಾಟಿನ ಬಾಗಿಲ ಹಿಡಿಯನ್ನು ಜಗ್ಗುತ್ತಿದ್ದೆ. ಇನ್ನೊಮ್ಮೆ ಅಂದೆ, ಇನ್ನೂ ಒಮ್ಮೆ ಅಂದೆ. ಕೊನೆಗೆ ಭರ್ರೆಂದು ಗಾಳಿಯ ಸದ್ದು ಫೋನಿಗೆ ಹೊಡೆಯಿತು.

ಆಗ ಹೆಂಡತಿಯ ದನಿ, ತೊದಲುತ್ತಾ: "ಯಾರು ತೆಗೆದದ್ದು? ಹಾಕು ಬಾಗಿಲು. ಚಳಿ."

ಮಗಳ ಹೆಜ್ಜೆ ನಿಂತಿತು. ನಮ್ಮ ಮನೆಯಲ್ಲಿ ಅಮ್ಮ ಹೇಳಿದರೆ ಮುಗಿಯಿತು. ನಾನೂ ಅದನ್ನು ಮೀರಿ ಮಾತಾಡಿದವನಲ್ಲ.

"ಹಾಕಬೇಡ. ಅಮ್ಮನ ಕೈ ಹಿಡಿದು ಹೊರಗೆ ಎಳಿ. ಬೇಗ ಮಗಾ, ಯಲ್ಲಾ, ಯಲ್ಲಾ."

ಏನೋ ಬಿದ್ದ ಸದ್ದು. ಕೆಮ್ಮು, ವಾಂತಿ. ಮತ್ತೆ ಬರೀ ಗಾಳಿ. ಇಬ್ಬರೂ ಹೊರಗೆ ಹೋದರೋ ಹೊಸ್ತಿಲಲ್ಲೇ ಬಿದ್ದರೋ ತಿಳಿಯುವ ದಾರಿಯಿಲ್ಲ. ನನಗೆ ಬರುವ ದೇವರ ಹೆಸರನ್ನೆಲ್ಲ ಹೇಳಿದೆ. ಆ ಕಲ್ಲುಮನೆಯ ಮಾಲೀಕ ಬಂದು ಅವರನ್ನು ಆಸ್ಪತ್ರೆಗೆ ಕರೆದೊಯ್ದದ್ದೆಲ್ಲ ಆಮೇಲಿನ ಮಾತು.

"ಅಪ್ಪಾ," ಎಂದು ದೂರದಿಂದ, ಅಂಗಳದಿಂದ, ಮಗಳ ಅಳು ಕೇಳಿತು. "ಅಮ್ಮ ನಂಗೆ ಬೈತಾ ಇದ್ದಾಳೆ."

"ಬೈಯಲಿ ಮಗಾ," ಅಂದೆ. "ಬೈಯಲಿ."

ಆ ಬೈಗುಳ ನನಗೂ ಕೇಳುತ್ತಿತ್ತು. ಅಳುತ್ತಾ ಕೇಳುತ್ತಾ ಬಾಗಿಲ ಬುಡದಲ್ಲೇ ಕೂತೆ.