ಟವಲಿನ ಕೆಳಗಿನ ಬೆಲೆ

ಕಾಮಗೆರೆಯ ಷಡಕ್ಷರಿಯವರು ಬದುಕಿನ ಮೂವತ್ತೈದು ವರ್ಷಗಳನ್ನು ಒಂದು ಟವಲಿನ ಆಸರೆಯಲ್ಲಿ ಕಳೆದವರು. ಅವರದು ದನದ ದಲ್ಲಾಳಿ ಕೆಲಸ. ಕೊಳ್ಳುವವರ ಪರವಾಗಿ ಮಾರುವವನ ಕೈ ಹಿಡಿದು, ಎರಡು ಕೈಗಳ ಮೇಲೆ ಟವಲು ಹೊದಿಸಿ, ಬೆರಳುಗಳನ್ನು ಅದುಮಿ ಬೆಲೆ ಹೇಳುತ್ತಿದ್ದರು. ಸುತ್ತ ನೂರು ಜನ ನಿಂತಿದ್ದರೂ ಆ ಬೆಲೆ ಇಬ್ಬರಿಗೆ ಮಾತ್ರ ಗೊತ್ತು. ಒಪ್ಪಿಗೆಯಾಗದಿದ್ದರೆ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಮುಂದಿನವನ ಬಳಿಗೆ ಹೋಗುವುದು. ಹಿಂದಿನವನ ಹತ್ತಿರ ಕೇಳಿದ್ದಕ್ಕೆ ಗುರುತೇ ಇಲ್ಲ. ಸತ್ಯಮಂಗಲದ ಕಡೆಯವರು ಬಂದರೆ ತಮಿಳಿನಲ್ಲಿ ಮಾತನಾಡಿಸಿ, ಬೆಲೆಯನ್ನು ಮಾತ್ರ ಬೆರಳಿನಲ್ಲೇ ಹೇಳುತ್ತಿದ್ದರು.

ದನಗಳು ಕಮ್ಮಿಯಾಗಿ ಟ್ರ್ಯಾಕ್ಟರುಗಳು ಹೆಚ್ಚಿದ ಮೇಲೆ ಷಡಕ್ಷರಿಯವರ ಕೈಗೆ ಕೆಲಸ ಉಳಿಯಲಿಲ್ಲ. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿಕೊಂಡಿದ್ದರು. ಬೀದಿಗೆ ಬಾಗಿಲಿದ್ದ ಮನೆಯ ಮುಂದಿನ ಕೋಣೆಯನ್ನು ರತ್ನಳಿಗೆ ಬಾಡಿಗೆಗೆ ಕೊಟ್ಟಿದ್ದರು. ರತ್ನ ಅಲ್ಲಿ ರವಿಕೆ ಹೊಲಿಯುತ್ತಿದ್ದಳು. ಗಂಡನನ್ನು ಬಿಟ್ಟು ಬಂದು ಎಂಟು ವರ್ಷವಾಗಿತ್ತು. ಕಂತಿನಲ್ಲಿ ತಂದ ಎರಡು ಹೊಲಿಗೆ ಯಂತ್ರಗಳ ಸಾಲವನ್ನು ಒಂದು ದಿನವೂ ತಪ್ಪಿಸದೆ ತೀರಿಸಿದ್ದಳು.

ಈಗಿನ ಮದುವೆಗಳಿಗೆ ಬರೀ ಹೊಲಿದ ರವಿಕೆ ಸಾಲದು. ಬೆನ್ನಿಗೆ ನವಿಲು, ತೋಳಿಗೆ ಬಳ್ಳಿ ಬೇಕು. ಕಸೂತಿಯ ಆ ಕೆಲಸವೆಲ್ಲ ಕೊಳ್ಳೇಗಾಲಕ್ಕೆ ಹೋಗುತ್ತಿತ್ತು. ಅಲ್ಲಿಯ ಸಿದ್ದಮಲ್ಲಪ್ಪನವರ ಸೊಸೆಗೆ ಟೀಚರ್ ಕೆಲಸ ಸಿಕ್ಕಿ, ಆಕೆ ನಡೆಸುತ್ತಿದ್ದ ಕಂಪ್ಯೂಟರ್ ಎಂಬ್ರಾಯಿಡರಿ ಮಷಿನ್ನು ಮಾರಾಟಕ್ಕಿದೆ ಎಂದು ಷಡಕ್ಷರಿಯವರೇ ಸುದ್ದಿ ತಂದರು. ಮೂರೂವರೆ ಲಕ್ಷ ಹೇಳುತ್ತಿದ್ದಾರೆ, ಇಳಿಸಬಹುದು ಎಂದರು. ರತ್ನ ಆ ರಾತ್ರಿಯೇ ಮನಸ್ಸಿನಲ್ಲಿ ಕೋಣೆಯ ಸಾಮಾನನ್ನೆಲ್ಲ ಸರಿಸಿ ಮಷಿನ್ನಿಗೆ ಜಾಗ ಮಾಡಿಬಿಟ್ಟಿದ್ದಳು. ಅದು ಬಂದರೆ ತಾನು ಇನ್ನೊಬ್ಬರ ಕೈಕೆಳಗೆ ಹೋಗಬೇಕಾಗಿಲ್ಲ. ಬರದಿದ್ದರೆ ಇನ್ನೆರಡು ವರ್ಷದಲ್ಲಿ ಅಂಗಡಿ ಮುಚ್ಚಬೇಕು. ಅದು ಅವಳಿಗೆ ಸ್ಪಷ್ಟವಿತ್ತು.

ಬ್ಯಾಂಕಿನವರು ಹಳೆಯ ಯಂತ್ರಕ್ಕೆ ಸಾಲ ಕೊಡುವುದಿಲ್ಲ ಎಂದರು. ಆಗ ಷಡಕ್ಷರಿಯವರು ಕನ್ನಡಕ ಏರಿಸಿ ಮೊಬೈಲು ಹಿಡಿದು ಕೂತರು. ಸಾಲ ಕೊಡುವ ಹತ್ತಾರು ಕಂಪನಿಗಳನ್ನು ಒಂದೇ ಕಡೆ ತೋರಿಸುವ ತಾಣಗಳು ಅವರ ಕಣ್ಣಿಗೆ ಬಿದ್ದವು. ಅವರಿಗೆ ಅದು ಪಕ್ಕಾ ದನದ ಪರಿಷೆಯ ಹಾಗೇ ಕಂಡಿತು. ಇಷ್ಟು ಜನ ಮಾರುವವರು ಸಾಲಾಗಿ ನಿಂತಿದ್ದಾರೆ, ಎಲ್ಲರ ಕೈಯನ್ನೂ ಹಿಡಿದು ನೋಡುವುದೇ ಸರಿ.

"ಎಲ್ಲಾರ್ತಾವೂ ಕೇಳ್ಬುಟ್ರೆ ತೊಂದ್ರೆ ಆಗಲ್ವಾ ಷಡಕ್ಷರಣ್ಣ?" ಎಂದಳು ರತ್ನ.

"ಕೇಳಕೇನವ್ವ ಕಾಸು ಕೊಡ್ಬೇಕಾ? ನೀ ಆ ನಂಬರ್ ಬಂದಂಗೆಲ್ಲ ಏಳ್ತಾ ಓಗು."

ನಾಲ್ಕು ದಿನದಲ್ಲಿ ಐದು ತಾಣಗಳಲ್ಲಿ ಅರ್ಜಿ ತುಂಬಿದರು. ಅವಳು ತನ್ನ ಫೋನಿಗೆ ಬಂದ ಒಟಿಪಿಗಳನ್ನು ಓದಿ ಹೇಳುತ್ತ ಹೋದಳು. ಮಾರನೆಯ ದಿನದಿಂದ ಫೋನುಗಳು ಶುರುವಾದವು. ಎರಡು ಕಡೆ ತಮ್ಮ ನಂಬರನ್ನೂ ಕೊಟ್ಟಿದ್ದರಿಂದ ಷಡಕ್ಷರಿಯವರಿಗೂ ಬಂದವು. ಮಾತನಾಡಿದ ಹುಡುಗಿಯರನ್ನು ಅವರು ಮೊದಲು ಊಟವಾಯಿತೇ ಎಂದು ವಿಚಾರಿಸಿ, ಆಮೇಲೆ, "ಸುತ್ತಿಬಳಸಿ ಬ್ಯಾಡ ಕಣ್ ಮಗ, ಎಷ್ಟಕ್ಕೆ ಬುಡ್ತೀಯ, ಕಡೇ ಮಾತೇಳು" ಎನ್ನುತ್ತಿದ್ದರು. ಒಬ್ಬಳು ನಗು ತಡೆಯಲಾರದೆ ಫೋನಿಟ್ಟು, ಐದು ನಿಮಿಷ ಬಿಟ್ಟು ಮತ್ತೆ ಮಾಡಿದ್ದಳು.

ವಾರ ಕಳೆಯುವುದರೊಳಗೆ ನಗು ನಿಂತಿತು. ಒಬ್ಬರಾದ ಮೇಲೆ ಒಬ್ಬರು ಸಾಲ ಇಲ್ಲ ಎಂದರು. ಕೊಡುತ್ತೇನೆ ಎಂದ ಒಬ್ಬನು ಕೇಳಿದ ಬಡ್ಡಿ ನೂರಕ್ಕೆ ಮೂವತ್ತರ ಹತ್ತಿರವಿತ್ತು.

ಇಬ್ಬರೂ ಬಸ್ಸು ಹತ್ತಿ ಹನೂರಿಗೆ ಹೋಗಿ, ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಕುಮಾರಸ್ವಾಮಿಯವರನ್ನು ಕಂಡರು. ಅವರು ರತ್ನಳ ಫೋನಿನಲ್ಲಿ ಏನೇನೋ ಒತ್ತಿ ನೋಡಿ, ಸಾಲ ಕೊಡುವವರು ಮೊದಲು ನೋಡುವ ಸಿಬಿಲ್ ಅಂಕ ಏಳುನೂರ ನಲವತ್ತರ ಮೇಲಿದ್ದದ್ದು ಏಳುನೂರಕ್ಕೆ ಬಂದಿದೆ ಎಂದರು. ಸಾಲ ಬಾಕಿ ಇಟ್ಟವರಿಗೆ ಅಂಕ ಇಳಿಯುವುದು ಸರಿ, ಈ ಹುಡುಗಿ ಯಾರಿಗೂ ಬಾಕಿ ಇಟ್ಟಿಲ್ಲವಲ್ಲ ಎಂದು ಷಡಕ್ಷರಿಯವರು ಕೇಳಿದರು. ಬಾಕಿ ಇಟ್ಟಿಲ್ಲ, ಆದರೆ ಆ ಐದು ತಾಣಗಳಿಂದ ನಾಲ್ಕು ದಿನದಲ್ಲಿ ಒಂಬತ್ತು ಕಂಪನಿಗಳಿಗೆ ಅರ್ಜಿ ಹೋಗಿದೆ, ಅಷ್ಟು ಕಡೆ ಕೈಚಾಚುವವರನ್ನು ಕಂಡರೆ ಸಾಲ ಕೊಡುವವರು ಹೆದರುತ್ತಾರೆ ಎಂದು ಕುಮಾರಸ್ವಾಮಿ ವಿವರಿಸಿದರು.

ಷಡಕ್ಷರಿಯವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ, "ಕೇಳುದ್ದನ್ನೂ ಬರ್ಕತಾರಾ ಸಾ?" ಎಂದರು.

"ಬರ್ಕತಾರೆ ಕಣಪ್ಪ."

ವಾಪಸು ಬಂದು ಕಾಮಗೆರೆಯಲ್ಲಿ ಇಳಿದ ಮೇಲೆ ಅವರು ರಸ್ತೆಯ ಬದಿಗೆ ನಿಂತು, "ನಿನ್ನ ಎಸ್ರು ಕೆಡಿಸ್ಬುಟ್ಟೆ ಕಣವ್ವ" ಎಂದರು. ರತ್ನಳಿಗೆ ಸಿಟ್ಟು ಬಂದಿತ್ತು. ಆದರೆ ಮೂವತ್ತೈದು ವರ್ಷ ಬೇರೆಯವರ ಬೆಲೆಯನ್ನು ಬಚ್ಚಿಟ್ಟುಕೊಂಡಿದ್ದ ಮನುಷ್ಯ ತನ್ನ ಎದುರು ತಲೆ ತಗ್ಗಿಸಿ ನಿಂತದ್ದು ಕಂಡು ಆ ಸಿಟ್ಟು ಬಾಯಿಗೆ ಬರಲಿಲ್ಲ.

ಆರು ತಿಂಗಳು ಎಲ್ಲಿಯೂ ಅರ್ಜಿ ಹಾಕದಿದ್ದರೆ ಅಂಕ ಚೇತರಿಸಿಕೊಳ್ಳುತ್ತದೆ ಎಂದಿದ್ದರು ಕುಮಾರಸ್ವಾಮಿ. ಅಲ್ಲಿಯವರೆಗೆ ಮಷಿನ್ನು ಕಾಯಬೇಕಲ್ಲ. ಷಡಕ್ಷರಿಯವರು ಬಹಳ ದಿನದ ಮೇಲೆ ಒಗೆದ ಪಂಚೆ ಉಟ್ಟು, ಕೆಂಪಂಚಿನ ಟವಲು ಹೊದ್ದು, ರತ್ನಳನ್ನು ಕರೆದುಕೊಂಡು ಕೊಳ್ಳೇಗಾಲಕ್ಕೆ ಹೋದರು. ಸಿದ್ದಮಲ್ಲಪ್ಪನವರ ಮನೆಯಲ್ಲಿ ಆಗಲೇ ಯಳಂದೂರಿನಿಂದ ಬಂದ ಒಬ್ಬ ಗಿರಾಕಿ ಕೂತಿದ್ದ. ಸಿದ್ದಮಲ್ಲಪ್ಪನವರು ಒಂದು ಕಾಲದಲ್ಲಿ ಷಡಕ್ಷರಿಯವರ ಮೂಲಕ ಎಷ್ಟೋ ಜೋಡಿ ಎತ್ತು ಕೊಂಡವರು, ಮಾರಿದವರು. ಷಡಕ್ಷರಿಯವರು ಏನೂ ಹೇಳದೆ ಕೈ ಮುಂದೆ ಚಾಚಿದರು. ಸಿದ್ದಮಲ್ಲಪ್ಪನವರು ಒಂದು ಕ್ಷಣ ನೋಡಿ ತಾವೂ ಚಾಚಿದರು. ಮೇಲೆ ಟವಲು ಬಿತ್ತು. ಇಬ್ಬರ ಮುಖದಲ್ಲೂ ಹುಬ್ಬು ಸಹ ಅಲುಗಲಿಲ್ಲ. ಯಳಂದೂರಿನವನು ಮಿಕಿಮಿಕಿ ನೋಡುತ್ತಿದ್ದ.

ಟವಲು ತೆಗೆದ ಮೇಲೆ ಬಾಯಲ್ಲಿ ಬಂದದ್ದು ಇಷ್ಟೇ. ಮಷಿನ್ನು ಈಗಲೇ ಕಾಮಗೆರೆಗೆ ಹೋಗಲಿ, ತಿಂಗಳಿಗೆ ಮೂರು ಸಾವಿರ ಬಾಡಿಗೆ, ಆರು ತಿಂಗಳಿಗೆ ಪೂರ್ತಿ ಹಣ. ಪೂರ್ತಿ ಎಂದರೆ ಎಷ್ಟು ಎಂದು ರತ್ನ ಕೇಳಿದರೆ, ದುಡ್ಡು ಕೈಗೆ ಬರುವ ತನಕ ಬೆಲೆ ಬಾಯಿಗೆ ಬರಬಾರದು, ಅದು ತನ್ನ ಕಸುಬಿನ ಕಟ್ಟಳೆ ಎಂದರು ಷಡಕ್ಷರಿಯವರು. ಬಾಡಿಗೆ ಬೆಲೆಯಲ್ಲಿ ಕಳೆಯುತ್ತದೋ ಇಲ್ಲವೋ ಎಂಬುದನ್ನೂ ಹೇಳಲಿಲ್ಲ.

ಮಷಿನ್ನು ಬಂತು. ನವಿಲು, ಬಳ್ಳಿ, ಕಮಲ ಎಲ್ಲ ಕಾಮಗೆರೆಯಲ್ಲೇ ಬೀಳತೊಡಗಿದವು. ಹಾಲು ಹಾಕಿ ಬಂದ ಷಡಕ್ಷರಿಯವರು ಪ್ರತಿದಿನ ಜಗಲಿಯ ಮೇಲೆ ಮೊಬೈಲು, ನೋಟ್‌ಬುಕ್ಕು ಹಿಡಿದು ಕೂರುತ್ತಿದ್ದರು. ಈ ಸಲ ಸಾಲದ ತಾಣಗಳಲ್ಲಿ ಅರ್ಜಿ ಹಾಕಲಿಲ್ಲ, ಓದಿದರು. ಸಣ್ಣ ಅಕ್ಷರದಲ್ಲಿರುವ ಷರತ್ತುಗಳನ್ನು ಬೆರಳಲ್ಲಿ ಹಿಗ್ಗಿಸಿ ಓದಿದರು. ತಿಳಿಯದ್ದನ್ನು ಹನೂರಿಗೆ ಹೋಗಿ ಕೇಳಿಕೊಂಡು ಬಂದರು.

ಆರನೆಯ ತಿಂಗಳ ಕೊನೆಗೆ, ಒಂದು ಬೆಳಿಗ್ಗೆ, ಡೈರಿಯಿಂದ ಬಂದು ಜಗಲಿಯ ಮೇಲೆ ಕೂತವರು ಮೇಲೇಳಲಿಲ್ಲ. ಹೆಂಡತಿ ಮಹಾದೇವಮ್ಮ ಕಾಫಿ ತಂದಾಗ ಕಂಬಕ್ಕೆ ಒರಗಿದ್ದರು. ಒಳಗೆ ಮಷಿನ್ನಿನ ಸದ್ದಿನಲ್ಲಿ ರತ್ನಳಿಗೆ ಏನೂ ಕೇಳಿಸಿರಲಿಲ್ಲ. ಅದನ್ನು ಅವಳು ಇವತ್ತಿಗೂ ಹೇಳಿಕೊಂಡು ಅಳುತ್ತಾಳೆ. ಊರಿನವರಾದ ನಾವು ಷಡಕ್ಷರಿಯವರನ್ನು ಅವರ ಹೊಲದಲ್ಲಿ ಮಣ್ಣು ಮಾಡಿದೆವು. ಜೊತೆಗೆ ಮಣ್ಣಿಗಿಡಲು ಟವಲನ್ನು ಮಾತ್ರ ಮಹಾದೇವಮ್ಮ ಕೊಡಲಿಲ್ಲ, ತೆಗೆದಿಟ್ಟುಕೊಂಡರು.

ಮೂರನೆಯ ದಿನ ಷಡಕ್ಷರಿಯವರ ಫೋನು ಬಡಿದುಕೊಂಡಿತು. ಹಿಂದೆ ಅವರೊಡನೆ ಮಾತನಾಡಿದ್ದ ಸಾಲದ ಕಂಪನಿಯ ಹುಡುಗಿ. ಮಹಾದೇವಮ್ಮ, "ಅವ್ರಿಲ್ಲ ಕಣವ್ವ, ಓಗ್ಬುಟ್ರು" ಎಂದರು. ಅದಕ್ಕೆ ಆ ಹುಡುಗಿ, "ಅಮ್ಮ, ನೀವು ಊಟ ಮಾಡಿದ್ರಾ?" ಎಂದಳಂತೆ.

ನಾಲ್ಕನೆಯ ದಿನ ಅದೇ ಬೀದಿಯ ಮುತ್ತಯ್ಯ ರತ್ನಳ ಮನಸ್ಸಿಗೆ ಹುಳ ಬಿಟ್ಟ. ಬೆಲೆ ಗೊತ್ತಿದ್ದವರಲ್ಲಿ ಒಬ್ಬ ಹೋದ, ಇನ್ನು ಕೊಳ್ಳೇಗಾಲದವರು ಹೇಳಿದ್ದೇ ಬೆಲೆ, ಮೂರೂವರೆ ಎಂದರೆ ಇಲ್ಲ ಎನ್ನುವವರು ಯಾರು ಎಂದ. ಬಾಡಿಗೆ ಕೊಟ್ಟ ಹದಿನೆಂಟು ಸಾವಿರವೂ ನೀರಿಗೆ ಹೋದ ಹಾಗೆ ಎಂದ. ರತ್ನ ಮಹಾದೇವಮ್ಮನನ್ನು ಕೇಳಿ ನೋಟ್‌ಬುಕ್ಕು ತಂದು ಬಿಡಿಸಿದಳು.

ಒಂದೊಂದು ತಾಣಕ್ಕೆ ಒಂದೊಂದು ಪುಟ. ಅರ್ಜಿ ಹೋಗದೆ ದರ ತೋರಿಸುವ ಕಡೆ ಮೇಲ್ಗಡೆ "ಟವಲು ಉಂಟು" ಎಂದು ಬರೆದಿದ್ದರು. ಒಂದು ಸಲ ನಂಬರು ಕೊಟ್ಟರೆ ಹತ್ತು ಕಂಪನಿಗೆ ದಾಟಿಸುವ ಕಡೆ "ಟವಲಿಲ್ಲ" ಎಂದಿತ್ತು. ಕೆಳಗೆ "ಕೈಗೆ ಬರೋದು", "ಕೈಯಿಂದ ಹೋಗೋದು" ಎಂಬ ಎರಡು ಸಾಲು. ಹದಿಮೂರೂವರೆ ಬಡ್ಡಿ ಎಂದವರು ಫೀಸು, ವಿಮೆ ಎಂದು ಹತ್ತೊಂಬತ್ತು ಸಾವಿರ ಮೊದಲೇ ಹಿಡಿದುಕೊಳ್ಳುತ್ತಿದ್ದರು. ಹದಿನೈದು ಎಂದವರು ಹಿಡಿಯುವುದು ಎರಡು ಸಾವಿರ. ಮೂರು ವರ್ಷದ ಲೆಕ್ಕದಲ್ಲಿ ಹದಿನೈದೇ ಅಗ್ಗ. ಆ ಪುಟದ ಮೂಲೆ ಮಡಿಸಿತ್ತು.

ಎಲ್ಲ ಪುಟಗಳಲ್ಲೂ ಸಾಲದ ಮೊತ್ತ ಒಂದೇ ಇತ್ತು, ಎರಡು ಲಕ್ಷದ ಅರವತ್ತೆರಡು ಸಾವಿರ. ಯಾರಾದರೂ ಇಂಥ ಮುರುಕು ಮೊತ್ತಕ್ಕೆ ಸಾಲ ನೋಡುತ್ತಾರೆಯೇ? ಅದಕ್ಕೆ ಬಾಡಿಗೆಯ ಹದಿನೆಂಟು ಸಾವಿರ ಸೇರಿಸಿದಳು. ಎರಡು ಎಂಬತ್ತು. ಅವರು ಬಾಯಿ ಬಿಡದಿದ್ದ ಬೆಲೆ ಅವಳ ಮುಂದಿತ್ತು. ಯಾರಿಗೂ ಹೇಳದೆ ನೋಟ್‌ಬುಕ್ಕು ಮುಚ್ಚಿದಳು.

ಹನ್ನೊಂದನೆಯ ದಿನದ ಗಣಾರಾಧನೆಗೆ ಸಿದ್ದಮಲ್ಲಪ್ಪನವರು ಬಂದರು. ಪ್ರಸಾದವಾದ ಮೇಲೆ ಷಡಕ್ಷರಿಯವರು ಕೂರುತ್ತಿದ್ದ ಜಾಗ ಬಿಟ್ಟು, ಅದರ ಪಕ್ಕದಲ್ಲಿ ಕೂತರು. ಮುತ್ತಯ್ಯನೂ ಬಂದು ನಿಂತ. ಮಹಾದೇವಮ್ಮ ಬಾಗಿಲಲ್ಲಿದ್ದರು. ಸಿದ್ದಮಲ್ಲಪ್ಪನವರು ಹೆಗಲ ಟವಲು ತೆಗೆದು, ಅಭ್ಯಾಸಬಲದಿಂದ ತಮ್ಮ ಬಲಗೈ ಮೇಲೆ ಹಾಕಿಕೊಂಡರು. ಎದುರಿಗೆ ಕೈಯಿಲ್ಲ. ಟವಲನ್ನು ನಿಧಾನವಾಗಿ ಮಡಿಸಿ ತೊಡೆಯ ಮೇಲಿಟ್ಟರು.

"ಬೆಲೆನ ಬಾಯಲ್ಲಿ ಏಳಿ ನಂಗೆ ಅಭ್ಯಾಸಿಲ್ಲ ಕಣವ್ವ," ಎಂದರು. "ಕೈ ಇಡಿಯೋನು ಓದ. ಎಲ್ಲಾರೂ ಅವ್ರೆ, ಇಲ್ಲೇ ಏಳ್ತೀನಿ. ಎರಡು ಎಂಬತ್ತು. ಬಾಡ್ಗೆ ಕಳುದ್ರೆ ಎರಡು ಅರವತ್ತೆರಡು."

ಮುತ್ತಯ್ಯ ನೆಲ ನೋಡಿದ.

"ಅವ್ನು ನಿಂಗೆ ಏಳಿದ್ನಾ?" ಎಂದು ಸಿದ್ದಮಲ್ಲಪ್ಪನವರು ಕೇಳಿದರು.

"ಇಲ್ಲ ಅಪ್ಪಾಜಿ. ಕಡೇವರ್ಗೂ ಏಳ್ಲಿಲ್ಲ."

ಸಿದ್ದಮಲ್ಲಪ್ಪನವರು ತಲೆಯಾಡಿಸಿದರು. ಹೇಳಿರಲಾರ ಎಂದು ಅವರಿಗೂ ಗೊತ್ತಿತ್ತು.

ಮಾರನೆಯ ದಿನ ರತ್ನ ಮಷಿನ್ನು ನಿಲ್ಲಿಸಿ ಜಗಲಿಗೆ ಬಂದು, ಮೂಲೆ ಮಡಿಸಿದ ಪುಟವನ್ನು ಮುಂದಿಟ್ಟುಕೊಂಡು ಕೂತಳು. ಒಂದೇ ಒಂದು ಕಡೆ ಅರ್ಜಿ ಹಾಕಿದಳು. ಒಟಿಪಿ ಬಂದಾಗ, ಕೇಳುವವರು ಯಾರೂ ಇಲ್ಲದಿದ್ದರೂ, ಅದರ ಆರು ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳಿದಳು.