ಚೀಟಿಯ ಮೂಲೆಯ ಅಂಕಿ

ಹಿರಿಯೂರಿನ ಪ್ರೌಢಶಾಲೆಯೊಂದರಲ್ಲಿ ಹದಿನಾಲ್ಕು ವರ್ಷ ಕನ್ನಡ ಕಲಿಸಿ, ಅದನ್ನು ಬಿಟ್ಟ ವರ್ಷವೇ ನಾನು ಆ ಸಮೀಕ್ಷೆಗೆ ಸೇರಿದೆ. ಏಡ್ಸ್ ಕುರಿತ ಎಚ್ಚರಿಕೆಯ ಬರಹಗಳು ಬಸ್ ನಿಲ್ದಾಣದ ಗೋಡೆಗಳಿಗೆ ಆಗತಾನೇ ಬಂದಿದ್ದ ಕಾಲವದು. ಜನ ಅವನ್ನು ಓದುತ್ತಿದ್ದರು. ಓದುವುದನ್ನು ಯಾರಾದರೂ ಕಂಡರೆ ಬಸ್ಸಿನ ವೇಳಾಪಟ್ಟಿಯತ್ತ ತಿರುಗಿಬಿಡುತ್ತಿದ್ದರು. ಮದುವೆಯಾದ ಹೆಂಗಸರನ್ನು ಅವರವರ ಮನೆಯಲ್ಲೇ ಕಂಡು, ಯಾರೂ ಬಾಯಿಬಿಟ್ಟು ಆಡದ ಆ ಸಂಗತಿಗಳನ್ನು ಕೇಳಿ ದಾಖಲಿಸುವುದು ನಮ್ಮ ಕೆಲಸ.

ಚಿತ್ರದುರ್ಗದಲ್ಲಿ ನಾಲ್ಕು ದಿನ ತರಬೇತಿಯಾಯಿತು. ಕಲಿಸಿದ ಮೇಲ್ವಿಚಾರಕಿ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನಾಚಿಕೆಯ ಮಾತುಗಳನ್ನೆಲ್ಲ ಕಪ್ಪು ಹಲಗೆಯ ಮೇಲೆ ಬರೆದು, ಒಬ್ಬೊಬ್ಬರಿಂದಲೂ ಗಟ್ಟಿಯಾಗಿ ಹೇಳಿಸಿದರು. ನಾನು 'ಲೈಂಗಿಕ ಸಂಪರ್ಕ' ಎಂದು ಸ್ಪಷ್ಟವಾಗಿ ಉಚ್ಚರಿಸಿದೆ.

"ಹಿಂಗಂದ್ರೆ ನಮ್ಮ ಹೆಂಗಸ್ರು ರೇಡಿಯೋ ವಾರ್ತೆ ಅಂದ್ಕೊಂತಾರೆ ಮೇಡಂ. ಅವ್ರು ಏನಂತಾರೋ ಅದನ್ನೇ ಹೇಳ್ರಿ," ಎಂದರು.

ಅದನ್ನು ಹೇಳಲು ನನಗೆ ಎರಡು ದಿನ ಹಿಡಿಯಿತು.

ಕೊನೆಯ ಆರು ಪ್ರಶ್ನೆಗಳಿಗೆ ಬೇರೆಯದೇ ವಿಧಾನವಿತ್ತು. ನಾವು ಪ್ರಶ್ನೆಯನ್ನು ಓದಿ ಗೋಡೆಯ ಕಡೆಗೆ ಮುಖ ತಿರುಗಿಸಬೇಕು. ಓದು ಬಾರದವರಿಗೂ ತಿಳಿಯಲೆಂದು ಚೀಟಿಯಲ್ಲಿ ಪ್ರಶ್ನೆಗೊಂದರಂತೆ ದೀಪ, ಮರ, ಹಕ್ಕಿ, ಕೊಡ ಮುಂತಾದ ಚಿತ್ರಗಳಿದ್ದವು. ಉತ್ತರ ಹೌದೆಂದಾದರೆ ಹೆಂಗಸು ಆ ಚಿತ್ರದ ಕೆಳಗೆ ಗೀಟೆಳೆದು, ಚೀಟಿಯನ್ನು ತಾನೇ ಮಡಚಿ, ಬೀಗ ಹಾಕಿದ ತಗಡಿನ ಡಬ್ಬಕ್ಕೆ ಹಾಕಬೇಕು. ಚೀಟಿಯ ಮೇಲೆ ಹೆಸರಾಗಲಿ ಸಂಖ್ಯೆಯಾಗಲಿ ಇರಕೂಡದು. ಈ ಸೂಚನೆಯನ್ನು ನಾನೂ ಬರೆದುಕೊಂಡಿದ್ದೆ, ಅಡಿಗೆರೆಯನ್ನೂ ಎಳೆದಿದ್ದೆ.

ಆದರೆ ಸಂಖ್ಯೆಯಿಲ್ಲದ ಉತ್ತರಪತ್ರಿಕೆಯನ್ನು ಒಮ್ಮೆಯೂ ಸ್ವೀಕರಿಸದ ಕೈ ನನ್ನದು. ಒಂದು ಚೀಟಿ ಕಳೆದರೆ ಅದು ಯಾವ ಮನೆಯದೆಂದು ತಿಳಿಯುವುದು ಹೇಗೆ ಎಂಬ ಕಳವಳದಿಂದ, ಪ್ರತಿಯೊಂದರ ಹಿಂಬದಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಅಂಕಿ ಬರೆದೆ. ನನ್ನ ಪಾಲಿಗೆ ಬಂದ ಮತ್ತೋಡು ಹೋಬಳಿಯ ಹಳ್ಳಿಯಲ್ಲಿ ಬಾಗಿಲುಗಳ ಮೇಲೆ ಸೀಮೆಸುಣ್ಣದಿಂದ ಮನೆಗಳ ಕ್ರಮಸಂಖ್ಯೆಯನ್ನು ಬರೆದವಳೂ ನಾನೇ.

ಅಲ್ಲಿ ಸಮೀಕ್ಷೆ ಶುರುವಾದ ಮಾರನೆಯ ಬೆಳಿಗ್ಗೆ ಅಂಗನವಾಡಿಯ ಕೋಣೆಯಲ್ಲಿ ಕುಳಿತಿದ್ದಾಗ, ಹಿಂದಿನ ದಿನ ಮಾತನಾಡಿಸಿದ್ದ ಹೆಂಗಸೊಬ್ಬಳು ಹಾಲಿನ ತಂಬಿಗೆ ಹಿಡಿದು ಬಂದಳು. ಅವಳ ಗಂಡ ಕುರಿ ಹಿಂಡಿನೊಂದಿಗೆ ಮೇವು ಹುಡುಕಿಕೊಂಡು ಊರು ಬಿಟ್ಟು ತಿಂಗಳುಗಳಾಗಿದ್ದವು. ತಂಬಿಗೆಯನ್ನು ಕೆಳಗಿಡದೆಯೇ ಕೇಳಿದಳು.

"ಅಕ್ಕಾ, ಆ ಚೀಟಿ ಹಿಂದ್ಗಡೆ ಹದಿನೇಳು ಅಂತ ಇತ್ತು. ನಮ್ ಬಾಗ್ಲು ಮ್ಯಾಲೂ ಹದಿನೇಳು ಐತೆ."

"ನಿಮಗೆ ಓದು ಬರುವುದಿಲ್ಲ ಅಂದಿರಲ್ಲ?"

"ಅಕ್ಷರ ಬರಲ್ಲ. ಅಂಕಿ ಬರ್ತೈತೆ. ಬಸ್ ನಂಬರ್ ನೋಡ್ದೆ ಹೊಸದುರ್ಗಕ್ಕೆ ಹೋಗಾಕಾಗ್ತೈತಾ?" ಅವಳ ದನಿ ಇಳಿಯಿತು. "ಕುರಿ ಕಿವಿ ಕೊಯ್ದು ಗುರ್ತು ಮಾಡ್ದಂಗೆ ಮಾಡಿಬಿಟ್ರಲ್ಲಕ್ಕಾ. ಎಲ್ಲಿಗೆ ಹೋದ್ರೂ ಯಾರ ಮನೇದು ಅಂತ ಗೊತ್ತಾಗ್ತೈತೆ."

ನಾನು ಡಬ್ಬವನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಐದನೇದು ಕೇಳಿದ್ರಲ್ಲ, ಕೊಡದ ಚಿತ್ರದ್ದು. ಅದ್ಕೆ ಗೀಟು ಹಾಕೀನಿ."

ಗಂಡನಲ್ಲದ ಯಾರಾದರೂ ನಿಮ್ಮನ್ನು ಬಲವಂತ ಮಾಡಿದ್ದುಂಟೆ ಎಂಬುದು ಐದನೆಯ ಪ್ರಶ್ನೆ.

"ಅಂವ ನಮ್ಮನೇಲೇ ಅವ್ನೆ, ನನ್ ಮೈದ್ನ. ಗೊತ್ತಾದ್ರೆ ನನ್ನ ಬಾವಿಗೆ ತಳ್ಳಿ, ತಾನೇ ಬಿದ್ಲು ಅಂತಾನೆ."

ತಂಬಿಗೆಯನ್ನು ಹಾಗೆಯೇ ಹಿಡಿದುಕೊಂಡು ಹೊರಟುಹೋದಳು. ಮಧ್ಯಾಹ್ನದ ಹೊತ್ತಿಗೆ ಅವನೇ ಬಂದ. ಬಾಗಿಲಿಗೆ ಅಡ್ಡವಾಗಿ ಕುಕ್ಕರುಗಾಲಲ್ಲಿ ಕುಳಿತು ನಕ್ಕ.

"ಏನ್ ಮೇಡಮ್ಮೋರೆ, ಓಟಿನ ಡಬ್ಬ ತಂದೀರಂತೆ. ನಮ್ ಹೆಂಗಸ್ರು ಯಾರನ್ನ ಗೆಲ್ಸಿದ್ರು?"

"ಇದು ಆರೋಗ್ಯದ ವಿಷಯ," ಎಂದೆ.

"ನಮ್ ಅತ್ತಿಗೆ ನಿನ್ನೆಯಿಂದ ಉಂಡಿಲ್ಲ. ಊಟ ಬಿಡೋವಂಥ ಆರೋಗ್ಯ ಏನ್ ಕೇಳಿದ್ರಿ?" ಡಬ್ಬವನ್ನು ಎತ್ತಿ ಕಿವಿಯ ಬಳಿ ಅಲುಗಾಡಿಸಿದ. "ಓಟಿನ ಚೀಟಿಗೂ ನಂಬರ್ ಇರ್ತೈತಪ್ಪ. ಇವಕ್ಕೂ ಐತಾ?"

"ಇಲ್ಲ."

ಅಷ್ಟು ಸ್ಪಷ್ಟವಾದ ಸುಳ್ಳನ್ನು ನಾನು ಅದುವರೆಗೆ ಹೇಳಿರಲಿಲ್ಲ.

"ಹಂಗಾರೆ ತೆಗೀರಿ, ನೋಡಾಣ."

"ಬೀಗದ ಕೈ ಚಿತ್ರದುರ್ಗದಲ್ಲಿದೆ."

"ಅದ್ಯಾವ ದೊಡ್ ಬೀಗ ಬಿಡ್ರಿ. ಒಂದ್ ಕಲ್ಲು ಸಾಕು."

ನಿಜವಾಗಿಯೂ ಅವನ ಕಣ್ಣು ಅಂಗಳದಲ್ಲಿ ಕಲ್ಲು ಹುಡುಕುತ್ತಿತ್ತು. "ಕೆಳಗಿಡು," ಎಂದೆ. ತರಗತಿಯ ಹಿಂದಿನ ಬೆಂಚಿಗೆ ಕೇಳಿಸುವ ದನಿ ತಾನಾಗಿ ಹೊರಬಂದಿತ್ತು. ಅವನು ಇಟ್ಟ. ಇಟ್ಟದ್ದಕ್ಕೆ ತಾನೇ ನಾಚಿಕೊಂಡವನಂತೆ ಉಗುಳಿ ಎದ್ದುಹೋದ.

ಸಿಕ್ಕಿದ ಮೊದಲ ಬಸ್ಸಿಗೇ ಹತ್ತಿದೆ. ಡಬ್ಬವನ್ನು ಮಡಿಲಲ್ಲಿಟ್ಟು ಸೆರಗು ಮುಚ್ಚಿಕೊಂಡೆ. ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮಿದರು. ಹೊಸದುರ್ಗ, ಹೊಳಲ್ಕೆರೆ ದಾಟಿ ಚಿತ್ರದುರ್ಗ ತಲುಪುವವರೆಗೂ ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ.

ನಡೆದದ್ದನ್ನೆಲ್ಲ ಹೇಳಿದಾಗ ಮೇಲ್ವಿಚಾರಕಿ ಬೈಯಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಯಿತು. ಒಂದು ಚೀಟಿಯ ಅಂಕಿಯನ್ನು ರಬ್ಬರಿನಿಂದ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು: ಒತ್ತಿದ ಗೆರೆ ಹಾಗೆಯೇ ಇತ್ತು. ಆ ಹಳ್ಳಿಯ ಚೀಟಿಗಳನ್ನೆಲ್ಲ ಹಿತ್ತಿಲಲ್ಲಿ ಬಾಂಡಲಿಗೆ ಹಾಕಿ ಸುಟ್ಟೆವು. ಹದಿನೇಳನೆಯದು ನನ್ನ ಕೈಗೇ ಬಂತು. ಕೊಡದ ಕೆಳಗಿನ ಗೀಟನ್ನು ಕಾಗದ ಹರಿಯುವಷ್ಟು ಒತ್ತಿ ಎಳೆದಿದ್ದಳು.

"ಪೊಲೀಸಿಗೆ ಹೇಳೋಣವೆ?" ಎಂದೆ.

"ಹೇಳ್ರಿ ಅಂತ ಆಕೆ ಅಂದ್ರಾ?"

"ಇಲ್ಲ."

"ಮೊದ್ಲು ಆಕೇನ ಕೇಳ್ರಿ."

ಹೊಸ ಚೀಟಿಗಳೊಂದಿಗೆ ಆ ಊರಿಗೆ ಮತ್ತೆ ಹೋಗಬೇಕಾದವಳು ನಾನೇ ಆಗಿದ್ದೆ. ಹತ್ತು ದಿನಗಳ ಮೇಲೆ ಹೋದಾಗ ಮೈದುನ ಜಗಲಿಯ ಮೇಲೆ ಕುಳಿತು ಉಣ್ಣೆ ಕತ್ತರಿಸುವ ಕತ್ತರಿಯನ್ನು ಮಸೆಯುತ್ತಿದ್ದ. ನಾನು ಒಳಗೆ ಹೋಗುವಾಗಲೂ ಮಸೆಯುವುದನ್ನು ನಿಲ್ಲಿಸಲಿಲ್ಲ. ಹಳೆಯ ಚೀಟಿ ಸುಟ್ಟುಹೋಯಿತೆಂದು ಅವಳ ಕಿವಿಯಲ್ಲಿ ಹೇಳಿದೆ. ಸಹಾಯ ಬೇಕಿದ್ದರೆ ದುರ್ಗದಲ್ಲಿ ಒಬ್ಬರಿದ್ದಾರೆ ಎಂದೂ ಹೇಳಿದೆ. ಅವಳು ಬಾಗಿಲ ಕಡೆ ನೋಡಿ, ಬೇಡವೆಂದು ತಲೆಯಾಡಿಸಿದಳು.

ಹೊಸ ಚೀಟಿಯನ್ನು ಎರಡೂ ಬದಿ ತಿರುಗಿಸಿ ನೋಡಿದಳು, ಬೆಳಕಿಂಡಿಯತ್ತ ಎತ್ತಿ ಹಿಡಿದಳು. ನಾನು ಗೋಡೆಯ ಕಡೆ ಮುಖ ಮಾಡಿ ಆರು ಪ್ರಶ್ನೆಗಳನ್ನೂ ಒಂದೊಂದಾಗಿ, ಹೊರಗೆ ಕೇಳಿಸದಷ್ಟು ಮೆಲ್ಲಗೆ ಓದಿದೆ. ಪ್ರತಿಯೊಂದರ ಬಳಿಕವೂ ಕಾದೆ. ಐದನೆಯದರ ಬಳಿಕ ಹೆಚ್ಚು ಹೊತ್ತು ಕಾದೆ. ಪೆನ್ಸಿಲು ಕಾಗದಕ್ಕೆ ತಾಗಿದ ಸದ್ದು ಒಮ್ಮೆಯೂ ಕೇಳಿಸಲಿಲ್ಲ. ಕಾಗದ ಮಡಚಿದ್ದು, ಅದು ಡಬ್ಬಕ್ಕೆ ಬಿದ್ದದ್ದು ಮಾತ್ರ ಕೇಳಿಸಿತು.

"ಆಯ್ತಕ್ಕಾ, ಎಲ್ಲಾ ಬರ್ದೆ. ಹೋಗಿ ಬರ್ರಿ," ಎಂದಳು, ಜಗಲಿಗೆ ಕೇಳಿಸುವಷ್ಟು ಗಟ್ಟಿಯಾಗಿ.