ಕೆಂಪು ಇಳಿಸುವ ಹನಿ

ಅರಸೀಕೆರೆಯ ನಮ್ಮ ಕಣ್ಣಿನ ಆಸ್ಪತ್ರೆಯಲ್ಲಿ, ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವರಿಗೆ ಆಗಾಗ ತರಗತಿ ನಡೆಸುತ್ತೇವೆ. ಓದು ಮುಗಿಸಿ ಅಂಗಡಿಯನ್ನೋ ಕ್ಲಿನಿಕ್ಕನ್ನೋ ತೆರೆದವರು ಅಲ್ಲಿಗೇ ಕಲಿಕೆ ನಿಲ್ಲಿಸಬಾರದು ಎಂಬುದು ನಮ್ಮ ಉದ್ದೇಶ. ಬರುವವರಲ್ಲಿ ಹೆಚ್ಚಿನವರ ಉದ್ದೇಶ ಪ್ರಮಾಣಪತ್ರ ಮತ್ತು ಮಧ್ಯಾಹ್ನದ ಊಟ.

ಕುಮಾರಸ್ವಾಮಿ ಆ ಪೈಕಿಯವರಲ್ಲ. ಹಳೇಬೀಡಿನ ಬಸ್ ನಿಲ್ದಾಣದ ಹತ್ತಿರ ಅವರ ಕನ್ನಡಕದ ಅಂಗಡಿ. ಒಳಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾರೆ. ಮೈಸೂರಿನಲ್ಲಿ ಡಿಪ್ಲೊಮಾ ಮಾಡಿದವರು. ಅವರ ತಂದೆ ಚನ್ನಪ್ಪನವರಿಗೆ ಮಾದಿಹಳ್ಳಿಯಲ್ಲಿ ತೆಂಗಿನ ತೋಟವಿತ್ತು. ಮಗ ತೋಟ ನೋಡಿಕೊಳ್ಳಲಿಲ್ಲವೆಂಬ ಸಿಟ್ಟಿಗೆ ಆ ಮುದುಕ ಕೊನೆಯವರೆಗೂ ಬೇಲೂರಿಗೆ ಹೋಗಿಯೇ ಕನ್ನಡಕ ಕೊಂಡರು. ಇದನ್ನು ಕುಮಾರಸ್ವಾಮಿ ತಾವೇ ನಗುತ್ತ ಹೇಳುತ್ತಾರೆ.

ಕಳೆದ ನವೆಂಬರಿನ ತರಗತಿಯಲ್ಲಿ ಹೊಟ್ಟು ಬಿದ್ದ ಕಣ್ಣಿನ ಪಾಠವಿತ್ತು. ಸುಗ್ಗಿಗೆ ಮುಂಚೆ ಪ್ರತಿ ವರ್ಷವೂ ಅದನ್ನೇ ಹೇಳುತ್ತೇನೆ. ರಾಗಿಯದೋ ಭತ್ತದ್ದೋ ಹೊಟ್ಟು ಕರಿಗುಡ್ಡೆಯನ್ನು ಗೀರಿದರೆ ಆ ಗಾಯದಲ್ಲಿ ಬೂಷ್ಟು ಬೆಳೆಯಬಹುದು. ಅಂಥ ಕಣ್ಣಿಗೆ ಸ್ಟೀರಾಯ್ಡ್ ಇರುವ ಹನಿ ಹಾಕಬಾರದು. ಹಾಕಿದರೆ ಕೆಂಪು ಬೇಗ ಇಳಿಯುತ್ತದೆ, ರೋಗಿಗೆ ಸಂತೋಷವಾಗುತ್ತದೆ, ಒಳಗೆ ಬೂಷ್ಟು ಹಬ್ಬುತ್ತದೆ. ಹೊಟ್ಟು ಬಿದ್ದಿತ್ತೇ ಎಂದು ಕೇಳಿ, ಗಾಯವಿದ್ದಲ್ಲಿ ಹಸಿರಾಗಿ ಹೊಳೆಯುವ ಬಣ್ಣ ಹಾಕಿ ಗೀರು ಇದೆಯೇ ನೋಡಿ, ಇದ್ದರೆ ನನ್ನಲ್ಲಿಗೆ ಕಳಿಸಿ ಎಂದೆ. ಹಿಂದಿನ ಸಾಲಿನವರಿಗೆ ಅರ್ಥವಾಗಲಿಲ್ಲ. ಕುಮಾರಸ್ವಾಮಿ ಎದ್ದು ಅದನ್ನು ನನಗಿಂತ ಚೆನ್ನಾಗಿ ತಿಳಿಸಿಕೊಟ್ಟರು.

ಮುಂದಿನ ತಿಂಗಳು ಹುಲಿಕೆರೆಯಿಂದ ಪುಟ್ಟಲಕ್ಷ್ಮಮ್ಮ ಬಂದರು. ಹಸು ಸಾಕಿ ಡೇರಿಗೆ ಹಾಲು ಹಾಕುವ ಹೆಂಗಸು. ಎಡಗಣ್ಣು ಚಿಕ್ಕಂದಿನಲ್ಲೇ ಹಸುವಿನ ಕೊಂಬು ತಗುಲಿ ಹೋಗಿತ್ತು. ಈಗ ಬಲಗಣ್ಣಿನ ನಟ್ಟನಡುವೆ ಸುಣ್ಣದ ಬೊಟ್ಟಿನಂಥ ಬಿಳಿ. ಸೆರಗಿನ ಗಂಟು ಬಿಚ್ಚಿ ಹನಿಯ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಸ್ಟೀರಾಯ್ಡ್.

"ಯಾರು ಕೊಟ್ಟರು?"

"ಹಳೇಬೀಡಿನ ಕನ್ನಡಕದ ಸ್ವಾಮಣ್ಣ. ಅವರನ್ನೇನೂ ಅನ್ಬ್ಯಾಡಿ ಡಾಕ್ಟ್ರಮ್ಮ. ಮಾರ್ನೇ ದಿನುಕ್ಕೇ ಕೆಂಪೆಲ್ಲ ಇಳೀತು. ಅದ್ಕೇ ಮುಗಿಯೋಗಂಟ ಹಾಕ್ಕಂಡೆ."

ಅವರನ್ನು ವಾರ್ಡಿಗೆ ಸೇರಿಸಿ, ಬೂಷ್ಟಿನ ಔಷಧಿ ಶುರು ಮಾಡಿ, ಅಂದೇ ಹಳೇಬೀಡಿಗೆ ಹೋದೆ. ಬಾಟಲಿ ಕಂಡೊಡನೆ ಕುಮಾರಸ್ವಾಮಿ ಗಿರಾಕಿಯನ್ನು ಹೊರಗೆ ಕೂರಿಸಿದರು.

"ಕೇಳ್ದೆ ಮೇಡಂ. ದೇವ್ರಾಣೆ ಕೇಳ್ದೆ. ಕಣ್ಣಿಗೆ ಹೊಟ್ಟುಗಿಟ್ಟು ಬಿತ್ತಾ ಅಂದೆ. ಇಲ್ಲ ಕಣಣ್ಣ, ಸುಮ್ನೆ ಕೆಂಪಾಗೈತೆ ಅಂದ್ರು."

"ಸುಗ್ಗಿಯಲ್ಲಿ, ರಸ್ತೆ ತುಂಬ ರಾಗಿ ಹಾಸಿರುವಾಗ, ಇಲ್ಲ ಅಂದದ್ದನ್ನು ನಂಬಿದಿರಾ? ಬಣ್ಣ ಹಾಕಿ ನೋಡಿದಿರಾ?"

"ಅವತ್ತು ಅಂಗಡಿ ತುಂಬ ಜನ. ಇಲ್ಲ ಅಂದ್ರಲ್ಲಾಂತ..."

"ಪಾಠ ಯಾರಿಗೆ ಹೇಳಿದ್ದು ನಾನು, ಗೋಡೆಗಾ?"

"ಪಾಠ ಗೊತ್ತು ಮೇಡಂ. ಕೆಂಪು ಇಳೀದಿದ್ರೆ ನಾಳೆ ಬೇಲೂರು ಬಸ್ ಹತ್ತಾರೆ. ಸ್ವಾಮಣ್ಣನ ಕೈಗುಣ ಸರಿಯಿಲ್ಲ ಅಂತಾರೆ. ಅದು ನಿಮ್ಮ ಪಾಠದಲ್ಲಿಲ್ಲ."

ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಹಿಂದಿರುಗಿದೆ. ಹೊಟ್ಟು ಬಿದ್ದಿತ್ತೇ ಎಂದು ವಾರ್ಡಿನಲ್ಲಿ ಪುಟ್ಟಲಕ್ಷ್ಮಮ್ಮನನ್ನು ಕೇಳಿದೆ.

"ಬಿದ್ದಿತ್ತು, ರಾಗಿ ತೂರೋವಾಗ. ಜಾನಕಮ್ಮ ನಾಲ್ಗೇಲಿ ತೆಗುದ್ಲು."

ಆ ಕಡೆಯ ಊರುಗಳಲ್ಲಿ ಇಂಥ ಒಬ್ಬ ಹೆಂಗಸು ಇದ್ದೇ ಇರುತ್ತಾಳೆ. ರೆಪ್ಪೆ ಅಗಲಿಸಿ, ನಾಲಿಗೆಯ ತುದಿ ಆಡಿಸಿ, ಕಸವನ್ನು ಅಂಗೈಗೆ ಉಗಿದು ತೋರಿಸುತ್ತಾಳೆ. ಕಸ ಬರುತ್ತದೆ. ಗೀರು ಉಳಿಯುತ್ತದೆ, ಜೊತೆಗೆ ಬಾಯಿಯ ಕೊಳೆಯೂ ಸೇರುತ್ತದೆ.

"ಮತ್ತೆ ಸ್ವಾಮಣ್ಣನಿಗೆ ಯಾಕೆ ಇಲ್ಲ ಅಂದಿರಿ?"

"ಬಿದ್ದಿತ್ತು ಅಂದ್ರೆ ಯಾರ್ ತೆಗುದ್ರು ಅಂತೀರಿ. ನಾಲ್ಗೆ ಅಂದ್ರೆ ಉಗೀತೀರಿ. ಹಗರೆ ಕಣ್ಣಿನ ಕ್ಯಾಂಪಲ್ಲಿ ಒಬ್ರು ಡಾಕ್ಟ್ರು ನಮ್ಮತ್ತಿಗೇನ ನಾಯಿ ಕೈಲಿ ನೆಕ್ಕುಸ್ಕಂಡ್ ಬಂದಿದ್ದೀಯಾ ಅಂತ ಜನದ ಮುಂದೆ ಅಂದ್ರು. ನಂಗ್ಯಾಕವ್ವ ಅದು? ತೆಗುದ್ ಮ್ಯಾಲೆ ಇಲ್ಲ ಅಂದ್ರೆ ಸುಳ್ಳಾಯ್ತದಾ?"

ಹುಣ್ಣು ಮಾಗಿತು, ಬಿಳಿ ಉಳಿಯಿತು. ಚಾಚಿದ ಕೈಯ ಬೆರಳುಗಳು ಅವರಿಗೆ ಕಾಣುತ್ತವೆ, ಎದುರಿನವರ ಮುಖ ಕಾಣುವುದಿಲ್ಲ. ಹಾಲು ಕರೆಯುವುದು ಕೈ ಅಂದಾಜಿನ ಮೇಲೆ. ಡೇರಿಗೆ ಹೋಗಲು ರಸ್ತೆ ದಾಟಿಸುವವರು ಬೇಕು. ದಾನದ ಕಣ್ಣಿಗೆ ಬೆಂಗಳೂರಿನಲ್ಲಿ ಹೆಸರು ಬರೆಸಿದ್ದೇನೆ. ಯಾವಾಗ ಸಿಗುತ್ತದೋ ಯಾರೂ ಹೇಳುವುದಿಲ್ಲ.

ಮುಂದಿನ ತರಗತಿಗೆ ಮುಂಚೆ ಕುಮಾರಸ್ವಾಮಿಗೆ ಫೋನ್ ಮಾಡಿದೆ. ಪುಟ್ಟಲಕ್ಷ್ಮಮ್ಮ ಇಲ್ಲ ಅಂದದ್ದೇಕೆ ಎಂದು ತಿಳಿಸಿ, ಎಲ್ಲ ತರಗತಿಗಳಿಗಿಂತ ಇದು ದೊಡ್ಡ ಪಾಠ, ನೀವೇ ಎದ್ದು ಹೇಳಿ ಎಂದೆ.

"ಆಗಲ್ಲ ಮೇಡಂ. ಸುತ್ತಮುತ್ತಲ ಅಂಗಡಿಯೋರೆಲ್ಲ ಇರ್ತಾರೆ. ಸಾಯಂಕಾಲದೊಳಗೆ ಊರಿಗೆಲ್ಲ ಗೊತ್ತಾಯ್ತದೆ."

ಕೊನೆಗೆ ಊರು, ಹೆಸರು ಬಿಟ್ಟು ನಾನೇ ಹೇಳಿದೆ. ತಪ್ಪು ಎಲ್ಲಿ ಎಂದು ಕೇಳಿದರೆ ಇಡೀ ಕೋಣೆ ಒಂದೇ ಉಸಿರಿಗೆ ಸರಿಯುತ್ತರ ಕೊಟ್ಟಿತು. ತಪ್ಪು ಮಾಡುವವರು ಯಾರೂ ಅಲ್ಲಿ ಇದ್ದಂತಿರಲಿಲ್ಲ. ರೋಗಿಯನ್ನು ಉಗಿಯಬೇಡಿ, ಉಗಿದರೆ ನಿಜ ಹೇಳುವುದಿಲ್ಲ ಎಂದದ್ದನ್ನು ಎಲ್ಲರೂ ಬರೆದುಕೊಂಡರು.

ಚಹಾದ ಹೊತ್ತಿಗೆ, ಬೇಲೂರಿನಲ್ಲಿ ಅಂಗಡಿಯಿಟ್ಟಿರುವ ಸುನಿಲ್ ಹತ್ತಿರ ಬಂದ.

"ಯಾರು ಮೇಡಂ ಆ ಪುಣ್ಯಾತ್ಮ?"

ಪಕ್ಕದಲ್ಲಿದ್ದ ಕುಮಾರಸ್ವಾಮಿ ಹೇಳಿದರು: "ನಾನೇ ಕಣ್ರೀ."

ಸುನಿಲ್ ಜೋರಾಗಿ ನಕ್ಕ. "ಸುಮ್ನಿರಿ ಸ್ವಾಮಣ್ಣ, ಮೇಡಂ ಮುಂದೆ ಇಂಥಾ ತಮಾಷೆನಾ!"

"ತಮಾಷೆ ಅಲ್ಲ. ಹುಲಿಕೆರೆ ಹೆಂಗಸು. ಬಣ್ಣ ಹಾಕಿ ನೋಡ್ಲಿಲ್ಲ ನಾನು."

ಸುನಿಲ್ ಹತ್ತಿರ ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದ. ಆಮೇಲೆ ದನಿ ತಗ್ಗಿಸಿ, "ನನ್ನ ಹತ್ರ ಬಂದಿದ್ರೂ ಅದೇ ಹನಿ ಕೊಡ್ತಿದ್ದೆ ಬಿಡಿ. ದಿನಾ ಕೊಡ್ತೀನಿ," ಎಂದ.

"ಈ ಮಾತನ್ನು ಇಬ್ಬರೂ ಒಳಗೆ ಬಂದು ಹೇಳಿ, ಈಗಲೇ," ಎಂದೆ.

ಇಬ್ಬರೂ ಲೋಟ ಕೆಳಗಿಟ್ಟು ಒಳಗೆ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂತರು. ಮುಂದಿನದು ಸಕ್ಕರೆ ಕಾಯಿಲೆಯವರ ಕಣ್ಣಿನ ಪಾಠ. ನಾನು ಶುರು ಮಾಡದೆ ಕಾದೆ. ಹೇಳಲು ಇಬ್ಬರೂ ಏಳಲಿಲ್ಲ.